ಬಾನೆಟ್ಟಿಗೊಂದು ಹೊದಿಕೆ

"ಇದರಲ್ಲಿ ನಾನು ಬರಲ್ಲ. ನೀವು ಹೋಗಿ ಬನ್ನಿ," ಎಂದು ಅಮ್ಮ ಗಾಡಿಯಿಂದ ಇಳಿದುಬಿಟ್ಟಳು.

ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಹಳೆಯ ಮಿನಿಬಸ್ಸೊಂದನ್ನು ತಂದು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಅದನ್ನೊಂದು ಓಡಾಡುವ ಮನೆ ಮಾಡಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೂರು ಸುತ್ತಬೇಕೆಂಬುದು ಅವನ ಆಸೆ. ಆದರೆ ಆ ಗಾಡಿಯ ಇಂಜಿನ್ನು ಇರುವುದು ಒಳಗೇ, ಮುಂದಿನ ಎರಡು ಸೀಟುಗಳ ನಡುವೆ. ಅದರ ಮೇಲೊಂದು ತಗಡಿನ ಮುಚ್ಚಳ; ಬಸ್ಸಿನವರು ಅದನ್ನೇ ಬಾನೆಟ್ ಅನ್ನುವುದು. ಮೊದಲ ಸುತ್ತಿನಲ್ಲೇ ಅಮ್ಮನ ಮೊಣಕಾಲು ಕಾದ ಕಾವಲಿಗೆ ತಾಗಿದ ಹಾಗೆ ಕೆಂಪಾಗಿತ್ತು. ಇಂಜಿನ್ನಿನ ಸದ್ದಿಗೆ ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ, ಅವನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

"ನಾನಿದ್ದ ಟೆಲಿಫೋನ್ ಆಫೀಸಲ್ಲಿ ಒಂದು ಮಾತು ನಾಲ್ಕು ಸಲ ಹೇಳೋಕೆ ಸಂಬಳ ಕೊಡ್ತಿದ್ರು," ಅಂದಳು ಅಮ್ಮ. "ಈಗ ಬಿಟ್ಟಿ ಯಾಕೆ ಗಂಟಲು ಹರ್ಕೊಳ್ಳಲಿ?"

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳದು ಗಾಡಿಗಳಿಗೆ ಸೀಟು ಹೊಲಿಯುವ ಕೆಲಸ. ಗಿರಾಕಿಯ ಜೊತೆ ಎರಡು ಮಾತಾಡುವುದಕ್ಕಿಂತ ಎರಡು ಸೀಟು ಹೊಲಿಯುವುದೇ ಅವಳಿಗೆ ಸಲೀಸು.

"ಒಂದು ವಾರ ಕೊಡಮ್ಮ. ಬಾನೆಟ್ ನಾನು ಸರಿ ಮಾಡ್ತೀನಿ."

"ಭಾನುವಾರ ಇನ್ನೊಂದು ಸುತ್ತು ಬರ್ತೀನಿ. ಆಗಲೂ ಹೀಗೇ ಇದ್ರೆ ಮಾರಿಬಿಡೋಣ."

ಅಪ್ಪ ಗಾಡಿಯ ಕೀಲಿ ತೆಗೆದು ಮಗಳ ಕೈಗಿಟ್ಟ.

ಅವಳು ಮುಚ್ಚಳ ಬಿಚ್ಚಿ ತನ್ನ ಅಂಗಡಿಗೆ ತಂದಳು. ಒಳಮೈಗೆ ಅಂಟಿದ್ದ ಹಳೆಯ ಪದರ ನೆನೆದ ರಟ್ಟಿನಂತೆ ಕೈಗೆ ಬಂತು. ಜಿಡ್ಡಿನ ಮೇಲೆ ಗಮ್ ಹಿಡಿಯುವುದಿಲ್ಲ. ಹಾಗಾಗಿ ಸೀಮೆಎಣ್ಣೆಯಲ್ಲಿ ಒರೆಸಿ, ಸೋಪಿನ ನೀರಲ್ಲಿ ತೊಳೆದು, ಎರಡು ದಿನ ಒಣಗಲು ಬಿಟ್ಟಳು. ಮೊದಲು ಭಾರದ ರಬ್ಬರ್ ಹಾಳೆ. ಅದನ್ನು ಅಂಟಿಸುವ ಮುಂಚೆ ಬೆರಳಲ್ಲಿ ತಟ್ಟಿದರೆ ಡಂಗ್ ಅನ್ನುತ್ತಿದ್ದ ತಗಡು, ಅಂಟಿಸಿದ ಮೇಲೆ ದಪ್ ಅಂದು ಸುಮ್ಮನಾಯಿತು. ಅದರ ಮೇಲೆ ಬೆಂಕಿ ಹಿಡಿಯದ ಫೋಮು, ಅದರ ಬೆಳ್ಳಿ ಬಣ್ಣದ ಹಾಳೆ ಇಂಜಿನ್ನಿನ ಕಡೆಗೆ. ಗಮ್ ಒಂದನ್ನೇ ನಂಬಿದರೆ ಬಿಸಿಗೆ ಸಡಿಲಾಗುತ್ತದೆಂದು ಅಲ್ಲಲ್ಲಿ ಅಗಲ ವಾಷರ್ ಇಟ್ಟು ಸ್ಕ್ರೂ ಹಾಕಿದಳು. ಹೊಗೆ ಪೈಪಿನ ಹತ್ತಿರ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಳು. ಕೊನೆಗೆ ಅಂಚಿನ ಸುತ್ತ, ಒಂದು ಕೂದಲೂ ತೂರದ ಹಾಗೆ, ಹೊಸ ರಬ್ಬರ್ ಪಟ್ಟಿ ಕೂರಿಸಿದಳು.

ಅಪ್ಪ ಬಂದು ಇಣುಕಿದ. "ಇಂಜಿನ್ನಿಗೆ ರಜಾಯಿ ಹೊದಿಸ್ತಿದ್ದೀಯಲ್ಲೇ. ಜ್ವರ ಬಂದೀತು."

"ನಿಮಗೆ ಬರದಿದ್ರೆ ಸಾಕು."

ಭಾನುವಾರ ಬೆಳಿಗ್ಗೆ ಮೂವರೂ ಹೊರಟರು. ಮಗಳು ಹಿಂದಿನ ಮಂಚದ ಅಂಚಿನಲ್ಲಿ ಕೂತಳು. ಇಂಜಿನ್ನಿನ ಸದ್ದು ಪಕ್ಕದ ಮನೆಯಲ್ಲಿ ಯಾರೋ ಹಿಟ್ಟು ಬೀಸುತ್ತಿದ್ದಾರೇನೋ ಎನ್ನುವಷ್ಟಕ್ಕಿಳಿದಿತ್ತು. ಅಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದಳು, ತೆಗೆಯಲಿಲ್ಲ. ಆಮೇಲೆ ಬಾಯಿ ಬಿಟ್ಟವಳು, ತಂಗಿಯ ಮನೆ ಗೋಡೆಯ ಬಿರುಕಿನಿಂದ ಶುರು ಮಾಡಿ, ಹಳೆಯ ಆಫೀಸಿನ ಮೇಲಧಿಕಾರಿಯ ಗೊರಕೆಯವರೆಗೆ ಬಂದಳು. ಮಗಳ ಎದೆ ಹಗುರಾಯಿತು.

ಅಪ್ಪನ ಕತ್ತು ಮಾತ್ರ ಬಾನೆಟ್ಟಿನ ಕಡೆಗೆ ವಾಲುತ್ತಲೇ ಇತ್ತು.

ಊರಾಚೆಯ ಏರು ಬಂತು. ಅಪ್ಪ ಗೇರು ಇಳಿಸದೆ ಮೂರನೆಯದರಲ್ಲೇ ಹತ್ತಿಸಿದ. ಗಾಡಿ ನಡುಗಿತು, ತಿಣುಕಿತು, ಏರಿನ ಅರ್ಧದಲ್ಲಿ ನಿಂತೇಹೋಯಿತು. ಹಿಂದಿದ್ದ ಲಾರಿ ಹಾರ್ನ್ ಹೊಡೆದು, ಬೈದು, ಪಕ್ಕದಲ್ಲಿ ಹಾದುಹೋಯಿತು. ಅಪ್ಪ ಕೈಬ್ರೇಕ್ ಎಳೆದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ.

"ಜನ ತುಂಬಿದ ಬಸ್ಸನ್ನೂ ಏರಲ್ಲಿ ನಿಲ್ಲಿಸಿದವನಲ್ಲ ನಾನು." ಮುಂದಿನ ಏರನ್ನು ನೋಡುತ್ತ ಅಂದ, "ಮಾರೋಣ ಬಿಡು."

"ಯಾರು ಹೇಳಿದ್ದು ಮಾರೋಕೆ?" ಅಮ್ಮ ತಿರುಗಿದಳು. "ನಾನೀಗ ತಾನೇ ಸರಿಯಾಗಿ ಕೂತಿದ್ದೀನಿ."

"ನನಗೆ ಏನೂ ಕೇಳ್ತಿಲ್ಲ ಕಣೇ. ಅದು ಅಳ್ತಾ ಇದ್ಯೋ, ನಗ್ತಾ ಇದ್ಯೋ, ಯಾವಾಗ ಗೇರು ಬದಲಿಸಬೇಕೋ, ಒಂದೂ ಗೊತ್ತಾಗ್ತಿಲ್ಲ. ಕಿವಿಯೇ ಹೋದ ಹಾಗಿದೆ."

"ಇಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ತೋರಿಸೋ ಮೀಟರ್ ಹಾಕಿಸೋಣ ಅಪ್ಪ," ಅಂದಳು ಮಗಳು.

"ಮುಳ್ಳು ನೋಡ್ತಾ ಕೂತ್ರೆ ರಸ್ತೆ ನೋಡೋರು ಯಾರು?"

ಮಗಳು ನಾಲಿಗೆ ಕಚ್ಚಿಕೊಂಡಳು. ತನಗೆ ಸದ್ದೆಂದರೆ ಬರಿಯ ಗಲಾಟೆ. ಅದನ್ನು ಎಷ್ಟು ಅಡಗಿಸಿದರೂ ಕಡಿಮೆಯೇ. ಅಪ್ಪ ಮೂವತ್ತೆರಡು ವರ್ಷ ಅದನ್ನೇ ಕೇಳಿಸಿಕೊಂಡು ಗಾಡಿ ಓಡಿಸಿದವನು. ಬಾನೆಟ್ಟಿನ ಅಳತೆ ತೆಗೆದಿದ್ದಳು, ಅಮ್ಮನ ಮೊಣಕಾಲಿಗೂ ತೆಗೆದಿದ್ದಳು. ಅಪ್ಪ ಹೇಗೆ ಓಡಿಸುತ್ತಾನೆಂದು ಕೇಳಿರಲೇ ಇಲ್ಲ.

ಟೂಲ್ ಚೀಲದಿಂದ ಚಾಕು ತೆಗೆದು ಅಪ್ಪನ ಕಾಲ ಬಳಿ ಮಂಡಿಯೂರಿದಳು. ಡ್ರೈವರ್ ಕಡೆಯ ಅಂಚಿನ ರಬ್ಬರ್ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕೊಯ್ದು ಎಳೆದಳು. ಎಷ್ಟು ಚೆನ್ನಾಗಿ ಅಂಟಿತ್ತೆಂದರೆ ಬರಲೇ ಒಲ್ಲದು. ಆಮೇಲೆ ಮುಚ್ಚಳ ಎತ್ತಿ, ಆ ಬದಿಯ ಫೋಮಿನಲ್ಲಿ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ತೆಗೆದು, ಕತ್ತರಿಸಿದ ಅಂಚಿಗೆ ಬೆಳ್ಳಿ ಟೇಪು ಸುತ್ತಿ, ಮುಚ್ಚಳ ಮತ್ತೆ ಕೂರಿಸಿದಳು.

"ನನ್ನ ಕಡೆ ಮುಟ್ಟಬೇಡ," ಅಂದಳು ಅಮ್ಮ.

"ಇಲ್ಲಮ್ಮ. ಅಪ್ಪನ ಕಾಲಿಗೆ ಮಾತ್ರ ಸ್ವಲ್ಪ ಬಿಸಿ ತಾಗುತ್ತೆ."

"ಅವರ ಕಾಲಿಗೆ ಅಭ್ಯಾಸ ಇದೆ. ಸ್ಟಾರ್ಟ್ ಮಾಡಿ ನೋಡಿ."

ಅಪ್ಪ ಕೀಲಿ ತಿರುಗಿಸಿದ. ಸದ್ದು ಮೊದಲಿನಷ್ಟು ಜೋರಿರಲಿಲ್ಲ, ಅಡಗಿಯೂ ಇರಲಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು ಮೊದಲ ಗೇರಿನಲ್ಲಿ ಎಬ್ಬಿಸಿದ, ಎರಡನೆಯದಕ್ಕೆ ಜಾರಿಸಿದ. ಗಾಡಿ ಗೊಣಗದೆ ಏರು ಹತ್ತಿತು.

ಮೇಲೆ ಬಂದ ಮೇಲೆ ಅಮ್ಮ ದನಿ ತುಸುವೇ ಎತ್ತರಿಸಿದಳು. "ಗುರುವಾರ ಹೊರಡೋಣ. ಬೆಳಿಗ್ಗೆ ಬೇಗ."

"ಕೇಳಿಸ್ತು," ಅಂದ ಅಪ್ಪ, ಮೂರನೇ ಗೇರು ಹಾಕುತ್ತ.