ಖಾಲಿ ಕ್ಯಾಸೆಟ್ಟಿನ ಪರೀಕ್ಷೆ

“ಮಾವ, ಅಮ್ಮನ ದನಿ ಹೇಗಿತ್ತು?” ಎಂದು ಪುಟ್ಟಿ ಕೇಳಿದಾಗ ನಾನು ಏಣಿಯ ಮೇಲೆ ನಿಂತು ಹಲಗೆಯ ಧೂಳು ಒರೆಸುತ್ತಿದ್ದೆ. ಕೈ ನಿಲ್ಲಿಸದೆ, “ಚೆನ್ನಾಗಿತ್ತು,” ಎಂದೆ. ಎಂಥ ಕತ್ತೆಯಂಥ ಉತ್ತರ! ಅರ್ಧ ಆಯುಷ್ಯ ರೆಕಾರ್ಡಿಂಗ್ ಅಂಗಡಿ ಇಟ್ಟುಕೊಂಡು, ಕೇಳಿದವರಿಗೆಲ್ಲ ಕೇಳಿದ ಹಾಡು ತುಂಬಿಕೊಟ್ಟವನು ನಾನು. ಗೋಡೆಯುದ್ದಕ್ಕೂ ಕ್ಯಾಸೆಟ್ಟುಗಳು. ಅಷ್ಟರಲ್ಲಿ ಒಂದರಲ್ಲೂ ನನ್ನ ಒಡಹುಟ್ಟಿದ ಅಕ್ಕನ ದನಿ ಇಲ್ಲ.

ಪುಟ್ಟಿ ಅಕ್ಕನ ಒಬ್ಬಳೇ ಮಗಳು. ಅಕ್ಕ ಜ್ವರ ಬಂದು ಒಂದೇ ವಾರದಲ್ಲಿ ಹೋದಾಗ ಇವಳಿಗೆ ಒಂದೂವರೆ ವರ್ಷ. ಈಗ ಇವಳ ಮಡಿಲಲ್ಲೇ ಎಂಟು ತಿಂಗಳ ಕೂಸು. ಅಂಗಡಿ ಖಾಲಿ ಮಾಡುತ್ತೇನೆಂದು ಹೇಳಿ ಕಳಿಸಿದ್ದಕ್ಕೆ ಸಹಾಯಕ್ಕೆಂದು ಬಂದಿದ್ದಳು. ಸಹಾಯವೆಲ್ಲ ನೆಪ, ಈ ಪ್ರಶ್ನೆ ಕೇಳಲೆಂದೇ ಬಂದಿದ್ದಾಳೆ ಎಂದು ನನಗೆ ಆಮೇಲೆ ಗೊತ್ತಾಯಿತು.

“ನನ್ನ ಮಗಳನ್ನ ಮಾತಾಡಿಸೋವಾಗ ನನ್ನ ಬಾಯಲ್ಲಿ ಒಂಥರಾ ರಾಗ ಬರುತ್ತೆ ಮಾವ. ನಮ್ಮತ್ತೆ ಕೇಳಿದ್ರು, ಎಲ್ಲಿ ಕಲಿತೆ ಅಂತ. ನಂಗೆ ಯಾರೂ ಕಲಿಸಿಲ್ಲ. ಅದು ಅಮ್ಮಂದಾ ಅಂತ ಗೊತ್ತಾದ್ರೆ ಸಾಕು.”

ನಾನು ಏಣಿಯಿಂದ ಇಳಿದೆ. ಅವಳಿಗೆ ನಿಜ ಹೇಳಲೇಬೇಕಾಯಿತು.

ನಿಜ ಏನೆಂದರೆ, ಅಕ್ಕನ ದನಿ ಈ ಅಂಗಡಿಯ ನೂರಾರು ಕ್ಯಾಸೆಟ್ಟುಗಳಿಗೆ ಹೋಗಿತ್ತು. ಅಷ್ಟನ್ನೂ ನಾನೇ ಅಳಿಸಿದ್ದೆ. ಹೊಸ ಖಾಲಿ ಕ್ಯಾಸೆಟ್ಟಿನ ಡಬ್ಬ ಬಂದರೆ ಒಂದನ್ನು ಬಿಚ್ಚಿ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಕೈಕೆಲಸ ನನ್ನದು, ಕಿವಿ ಅಕ್ಕನದು. ಅವಳು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಮೈಕಿಗೆ ಹೇಳುತ್ತಿದ್ದಳು: “ಸೂಜಿ ಸಿಕ್ಕಿತಾ? ಸಿಕ್ಕದಿದ್ದರೆ ಸುಮ್ಮನಿರು.” ‘ಸ’ ಸ್ವಚ್ಛವಾಗಿ ಬಂದರೆ ಉಳಿದದ್ದೆಲ್ಲ ಬರುತ್ತದೆ ಎಂದು ಅವಳ ಲೆಕ್ಕಾಚಾರ. ಆಮೇಲೆ ಬೀಗದ ಕೈಗೊಂಚಲನ್ನು ಜಣಜಣ ಅಲ್ಲಾಡಿಸುತ್ತಿದ್ದಳು. ಕೊನೆಗೆ ಹತ್ತು ಸೆಕೆಂಡು ಇಬ್ಬರೂ ಉಸಿರು ಬಿಗಿಹಿಡಿದು ಕೂರುವುದು, ಟೇಪಿನದೇ ಸದ್ದು ಎಷ್ಟಿದೆ ಎಂದು ನೋಡಲು. ಆ ಹತ್ತು ಸೆಕೆಂಡಿನಲ್ಲಿ ನನ್ನನ್ನು ನಗಿಸದೆ ಬಿಟ್ಟ ದಿನವೇ ಇಲ್ಲ. ಹುಬ್ಬು ಕುಣಿಸಿಬಿಡುತ್ತಿದ್ದಳು.

ನಂತರ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುತ್ತಿದ್ದಳು. ಅಗ್ಗದ ಸಾದಾ ಕ್ಯಾಸೆಟ್ಟಿನಲ್ಲಿ ಮಾತಿಗಿಂತ ಮೊದಲು ಸುಯ್ ಎನ್ನುವ ಸದ್ದು ಬರುತ್ತಿತ್ತು, ಬೀಗದ ಕೈ ಅಲ್ಲಾಡಿಸಿದರೆ ಗೋಣಿಚೀಲದೊಳಗೆ ಅಲ್ಲಾಡಿಸಿದ ಹಾಗೆ. “ಇದಕ್ಕೆ ನೆಗಡಿ ಕಣೋ,” ಎನ್ನುವಳು. ಒಳ್ಳೆಯ ಸಾದಾ ಕ್ಯಾಸೆಟ್ಟಿಗೆ “ಪರವಾಗಿಲ್ಲ, ಸಂಸಾರಸ್ಥ” ಎನ್ನುವಳು. ಅದಕ್ಕಿಂತ ದುಬಾರಿಯಾದ ಕ್ರೋಮ್ ಕ್ಯಾಸೆಟ್ಟಿನಲ್ಲಿ ಒಂದೊಂದು ಬೀಗದ ಕೈಯೂ ಬೇರೆಬೇರೆಯಾಗಿ ಕೇಳುತ್ತಿತ್ತು, ಆದರೂ ಅವಳಿಗೆ ಅದು ಹಿಡಿಸಲಿಲ್ಲ. “ಎಲ್ಲಾ ಸರಿಯಾಗಿದೆ, ಆದ್ರೆ ಜಂಬ ಜಾಸ್ತಿ. ನನ್ನ ದನಿ ಆಫೀಸಿನವರ ದನಿ ಥರ ಮಾಡುತ್ತೆ.”

ಪರೀಕ್ಷೆ ಮುಗಿದ ತಕ್ಷಣ ನಾನು ಆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಗಿರಾಕಿಯ ಹಾಡು ತುಂಬುತ್ತಿದ್ದೆ. “ಒಂದಾದ್ರೂ ಇಟ್ಕೊಳ್ಳೋ,” ಎಂದು ಅವಳೇ ಒಮ್ಮೆ ಹೇಳಿದ್ದಳು. “ಖಾಲಿ ಕ್ಯಾಸೆಟ್ ಇರೋದು ತುಂಬೋಕೆ, ಪೂಜೆ ಮಾಡೋಕಲ್ಲ,” ಎಂದಿದ್ದೆ. ಆ ನಾಲಗೆಗೆ ಏನು ಮಾಡಬೇಕು ಹೇಳಿ.

ಇದನ್ನೆಲ್ಲ ಕೇಳಿದ ಪುಟ್ಟಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕೂಸಿನ ತಲೆ ಸವರುತ್ತ, “ಅಮ್ಮ ಕೂತ ಹಾಗೇ ಕೂತು ನಾನೂ ಒಂದ್ಸಲ ಹೇಳ್ತೀನಿ ಮಾವ. ಪರೀಕ್ಷೆ ಮಾಡು,” ಎಂದಳು.

ಡ್ರಾಯರಿನಲ್ಲಿ ಸೀಲು ಒಡೆಯದ ಕ್ಯಾಸೆಟ್ ಮೂರು ಉಳಿದಿದ್ದವು. ಒಂದು ಸಾದಾ, ಒಂದು ಕ್ರೋಮ್, ಒಂದು ಮೆಟಲ್. ಮೆಟಲ್ ಎಂದರೆ ಎಲ್ಲಕ್ಕಿಂತ ಮೇಲಿನದು. ನಮ್ಮ ಅಂಗಡಿಗೆ ಜನ್ಮದಲ್ಲಿ ಎರಡೇ ಬಂದದ್ದು. ಒಂದು ಆಗಲೇ ಹೋಯಿತು, ಇನ್ನೊಂದರ ಬೆಲೆ ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಪುಟ್ಟಿ ಸ್ಟೂಲಿನ ಮೇಲೆ ಕೂತಳು. ಅಂಗಡಿಯಲ್ಲಿ ಎರಡು ಮೆಷಿನ್ನುಗಳಿವೆ. ಒಳ್ಳೆಯ ಮೆಷಿನ್ನಿಗೆ ಹಾಕಿ ಸಾದಾ ಆಯಿತು, ಕ್ರೋಮ್ ಆಯಿತು. ಮೆಟಲ್ ಹಾಕಿದಾಗ ಕೂಸು ಕೈಗೊಂಚಲಿಗೆ ಕೈ ಹಾಕಿತು. “ಬಿಡೇ... ಬಿಡೇ ಬಂಗಾರೀ...” ಎಂದು ಪುಟ್ಟಿ ಎಳೆದು ಎಳೆದು ಗೋಗರೆದಳು. ಕೊನೆಯಲ್ಲಿ ದನಿ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಅದನ್ನು ಹಿಂದೆಲ್ಲೋ ಕೇಳಿದ್ದೆ ಅನಿಸಿತು, ಆದರೆ ಎಲ್ಲಿ ಎಂದು ಹೊಳೆಯಲಿಲ್ಲ. ವಯಸ್ಸಾದವರ ಕಿವಿಗೆ ಏನೇನೋ ಅನಿಸುತ್ತದೆ.

ಹಾಕಿ ಕೇಳಿಸಿದೆ. ಪುಟ್ಟಿ ಮುಖ ಮುಚ್ಚಿಕೊಂಡಳು. “ಥೂ, ನನ್ನ ದನಿ ಇಷ್ಟು ಕೆಟ್ಟದಾಗಿದೆಯಾ? ಅಳಿಸು ಮಾವ!”

ಅಳಿಸಲು ಗುಂಡಿ ಒತ್ತಿದರೆ ಒಳ್ಳೆಯ ಮೆಷಿನ್ನಿನ ಬೆಲ್ಟು ಒಳಗೇ ಪಟ್ ಎಂದು ತುಂಡಾಯಿತು. ಅದಕ್ಕೂ ನನ್ನ ಹಾಗೇ ವಯಸ್ಸಾಗಿದೆ, ತಪ್ಪೇನಿಲ್ಲ. ಮೂಲೆಯ ಹಳೆಯ ಮೆಷಿನ್ನಿಗೆ ಹಾಕಿ, ಮೈಕು ತೆಗೆದು, ಮೊದಲಿಂದ ಬರಿಯ ಮೌನವನ್ನು ತುಂಬಿದೆ. ಸರಿಯಾಗಿ ಅಳಿಸಿತೇ ಎಂದು ಹಿಂದಕ್ಕೆ ಸುತ್ತಿ ಹಾಕಿದೆ.

ಎಲ್ಲೋ ಪಕ್ಕದ ಮನೆಯಲ್ಲಿ ಮಾತಾಡಿದಷ್ಟು ದೂರದಲ್ಲಿ, ತೆಳ್ಳಗೆ, “ಬಿಡೇ... ಬಿಡೇ...”

“ಅಳಿಸಿಲ್ಲವಲ್ಲ ಮಾವ,” ಎಂದು ಪುಟ್ಟಿ ನಕ್ಕಳು.

ನನಗೆ ನಗು ಬರಲಿಲ್ಲ. ಮೆಟಲ್ ಟೇಪಿನ ಮೇಲೆ ಬಿದ್ದದ್ದನ್ನು ಕೀಳಲು ಬಹಳ ಶಕ್ತಿ ಬೇಕು. ಈ ಹಳೆಯ ಮೆಷಿನ್ನು ಮೆಟಲ್ ಕ್ಯಾಸೆಟ್ ಹುಟ್ಟುವ ಮೊದಲೇ ಹುಟ್ಟಿದ್ದು, ಅದಕ್ಕೆ ಆ ಶಕ್ತಿ ಇಲ್ಲ. ಮೇಲುಮೇಲೆ ಅಳಿಸುತ್ತದೆ, ಅಡಿಯದು ಉಳಿಯುತ್ತದೆ. ಇದು ಹೊಳೆದ ಮರುಕ್ಷಣವೇ ಹಳೆಯ ಗಿರಾಕಿಯೊಬ್ಬ, ದರ್ಜಿ, ನೆನಪಾದ. ಏಣಿಯ ಕೆಳಮೆಟ್ಟಿಲ ಮೇಲೆ ಕೂತು ಪುಟ್ಟಿಗೆ ಅದನ್ನೂ ಹೇಳಿದೆ.

ಆ ಮೊದಲ ಮೆಟಲ್ ಕ್ಯಾಸೆಟ್ ಬಿಚ್ಚಿದ ದಿನ ಅಕ್ಕನ ಮಡಿಲಲ್ಲಿ ಈ ಪುಟ್ಟಿಯೇ ಇದ್ದಳು. ಕೈಗೊಂಚಲು ಕಿತ್ತುಕೊಂಡು ಪರೀಕ್ಷೆ ಕೆಡಿಸಿದಳು. ನನ್ನ ಕೋಪವಂತೂ ಮೂಗಿನ ತುದಿಯಲ್ಲೇ. ಅಕ್ಕ ಮಾತ್ರ ಅಷ್ಟನ್ನೇ ಹಾಕಿಸಿ ಕೇಳಿ, ಕಣ್ಣು ತೆರೆದು, “ಲೋ, ಇದರಲ್ಲಿ ನಾನು ಪಕ್ಕದಲ್ಲೇ ಕೂತಿರೋ ಹಾಗಿದೆಯಲ್ಲೋ!” ಎಂದಿದ್ದಳು. ಮಧ್ಯಾಹ್ನ ದರ್ಜಿ ಅವಸರದಲ್ಲಿ ಬಂದ. ಒಳ್ಳೆಯ ಮೆಷಿನ್ನಿನಲ್ಲಿ ಬೇರೆ ಕೆಲಸ ನಡೆದಿತ್ತು. ಹಳೆಯದರಲ್ಲೇ ಅವನ ಹಾಡುಗಳನ್ನು ತುಂಬಿ ಕೊಟ್ಟುಬಿಟ್ಟೆ.

ಅಕ್ಕ ಹೋಗಿ ಎರಡು ತಿಂಗಳಾಗಿತ್ತು. ದರ್ಜಿ ಕ್ಯಾಸೆಟ್ ಹಿಡಿದು ಬಂದು, “ಏನ್ರೀ, ಇದರೊಳಗೆ ಯಾರೋ ಹೆಂಗಸು ಮಾತಾಡ್ತಾಳಲ್ಲ?” ಎಂದ. ನನ್ನ ಮೈಯೆಲ್ಲ ಉರಿಯಿತು. ನನ್ನ ರೆಕಾರ್ಡಿಂಗಿನಲ್ಲಿ ತಪ್ಪು ಹುಡುಕುತ್ತಾನೆ, ಅದೂ ಇಂಥ ಹೊತ್ತಿನಲ್ಲಿ, ಎಂದು ಬಾಯಿಗೆ ಬಂದಂತೆ ಬೈದು ಅಟ್ಟಿದೆ. ಒಂದು ಸಲ ಹಾಕಿ ಕೇಳಲಿಲ್ಲ. ಬೀಗದ ಕೈ ಅಲ್ಲಾಡಿಸಿ ಊರಿನ ಕ್ಯಾಸೆಟ್ಟನ್ನೆಲ್ಲ ಪರೀಕ್ಷೆ ಮಾಡಿದವನು, ಮನೆಬಾಗಿಲಿಗೆ ಬಂದದ್ದಕ್ಕೆ ಕಿವಿಗೊಡಲಿಲ್ಲ.

ಪುಟ್ಟಿ ಎಲ್ಲ ಕೇಳಿ ಕೂಸನ್ನು ಎತ್ತಿಕೊಂಡಳು. “ಎದ್ದೇಳು ಮಾವ. ಅವರ ಅಂಗಡಿ ಎಲ್ಲಿ?”

ಎರಡು ಬೀದಿ ಆಚೆ. ಅವತ್ತಿನಿಂದ ನಾನು ಆ ಬೀದಿ ತುಳಿದಿರಲಿಲ್ಲ. ದರ್ಜಿ ಈಗ ದಪ್ಪ ಕನ್ನಡಕ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದ. ನನ್ನನ್ನು ನೋಡಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ.

“ಬೈಯೋದು ಇನ್ನೂ ಬಾಕಿ ಇತ್ತಾ?” ಎಂದ.

“ತಪ್ಪಾಯ್ತು,” ಎಂದೆ. ಇಷ್ಟು ಹೇಳಲು ಇಷ್ಟು ವರ್ಷ. “ಆ ಕ್ಯಾಸೆಟ್ಟು... ಅದರಲ್ಲಿ ಮಾತಾಡೋಳು ನಮ್ಮಕ್ಕ. ಇವಳು ಅವಳ ಮಗಳು. ಅದು ಇದೆಯಾ, ಎಸೆದ್ರಾ?”

ದರ್ಜಿ ಪುಟ್ಟಿಯನ್ನೇ ನೋಡಿದ. ಆಮೇಲೆ ಒಳಗೆ ತಿರುಗಿ, “ಕೇಳಿಸ್ತೇನೇ? ಆ ಮಗು ಬಂದಿದೆ,” ಎಂದು ಕೂಗಿದ.

ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ಪುಟ್ಟಿಯ ಗಲ್ಲ ಹಿಡಿದು ಮುಖ ಎತ್ತಿ ನೋಡಿದರು. “ಇವ್ರು ಎಸೀತೀನಿ ಅಂದ್ರು. ನಾನೇ ಬಿಡ್ಲಿಲ್ಲ. ನಮಗೆ ಮಕ್ಕಳಿರ್ಲಿಲ್ವಲ್ಲಮ್ಮ. ಆ ತಾಯಿ ಮಗೂನ ಮಾತಾಡ್ಸೋದು ಕೇಳೋಕೇ ಎಷ್ಟೋ ಸಲ ಹಾಕ್ತಿದ್ದೆ. ಹಾಡು ಶುರುವಾದ ತಕ್ಷಣ ನಿಲ್ಲಿಸ್ತಿದ್ದೆ.”

ಹಾಡಿನ ಮೊದಲು ಹನ್ನೆರಡು ಸೆಕೆಂಡು ಖಾಲಿ ಬಿಡುವುದು ನನ್ನ ಪದ್ಧತಿ. ಪುಣ್ಯಕ್ಕೆ ಆ ಒಂದು ಶಿಸ್ತನ್ನು ಅವತ್ತೂ ಬಿಟ್ಟಿರಲಿಲ್ಲ, ಆ ಖಾಲಿ ಜಾಗದಲ್ಲೇ ಅಡಿಯ ದನಿ ಕೇಳುವಂತೆ ಉಳಿದಿತ್ತು.

ಟೇಬಲ್ಲಿನ ಮೇಲೆ ಅವರ ಪುಟ್ಟ ಟೇಪ್‌ರೆಕಾರ್ಡರ್ ಇಟ್ಟು ದರ್ಜಿ ಗುಂಡಿ ಒತ್ತಿದ. ಸುಯ್ ಎಂಬ ಸದ್ದು. ಅದರ ಅಡಿಯಿಂದ, “ಸೂಜಿ ಸಿಕ್ಕಿತಾ?” ‘ಸ’ ಎರಡೂ ಸ್ವಚ್ಛವಾಗಿದ್ದವು. ಕೈಗೊಂಚಲು ಜಣಜಣ ಎಂದು ತಟ್ಟನೆ ನಿಂತಿತು. ಆಮೇಲೆ ಅಕ್ಕ, “ಬಿಡೇ... ಬಿಡೇ ಪುಟ್ಟೀ... ಮಾವ ಬೈತಾನೇ...” ದನಿ ಮೇಲೆ ಹೋಗಿ ಅಲ್ಲೇ ನಿಂತಿತು. ಒಂದು ಕೂಸು ಕೇಕೆ ಹಾಕಿ ನಕ್ಕಿತು. ಹಿಂದೆಯೇ ಒರಟಾಗಿ ನನ್ನ ದನಿ, “ಹಾಳು ಮಾಡಿದ್ರಿ! ಎತ್ಕೊಂಡು ಹೋಗು ಆಚೆ!” ಅಷ್ಟರಲ್ಲಿ ಹಾಡು ಬಂದು ಎಲ್ಲವನ್ನೂ ಮುಚ್ಚಿತು.

ನಾನು ನೆಲ ನೋಡುತ್ತ ನಿಂತೆ. ಅಕ್ಕ ಬೇಕು ಅನಿಸಿತು, ಅಷ್ಟೇ. ಪಕ್ಕದಲ್ಲಿ ಕೂತು, ಹುಬ್ಬು ಕುಣಿಸಿ, ನನ್ನನ್ನು ನಗಿಸಲು ಅಕ್ಕ ಬೇಕು. ಅರವತ್ತು ದಾಟಿದವನಿಗೆ ಇದನ್ನು ಯಾರ ಹತ್ತಿರ ಕೇಳಬೇಕೋ ತಿಳಿಯಲಿಲ್ಲ.

ಪುಟ್ಟಿ ತುಟಿ ಕಚ್ಚಿಕೊಂಡು ತಾನೇ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು. “ಬಿಡೇ... ಬಿಡೇ ಪುಟ್ಟೀ...”

ಅವಳ ಕಂಕುಳಲ್ಲಿದ್ದ ಕೂಸು ಟೇಪ್‌ರೆಕಾರ್ಡರಿನತ್ತ ನೋಡಿತು. ಆಮೇಲೆ ತಲೆಯೆತ್ತಿ ತಾಯಿಯ ಬಾಯಿ ನೋಡಿತು. ಅದು ಮುಚ್ಚಿತ್ತು. ಮತ್ತೆ ಟೇಪ್‌ರೆಕಾರ್ಡರ್, ಮತ್ತೆ ಬಾಯಿ. ತನ್ನನ್ನು ಕರೆದದ್ದು ಎಲ್ಲಿಂದ ಎಂದು ಅದಕ್ಕೆ ಗೊತ್ತಾಗಲಿಲ್ಲ. ಕೈ ಚಾಚಿ ತಾಯಿಯ ತುಟಿ ಮುಟ್ಟಿ ನೋಡಿತು.