ಕೆಂಪು ದಾರದ ಸೀಸದ ಗುಂಡು

ಆ ಬೆಳಿಗ್ಗೆ ದ್ವೀಪಕ್ಕೆ ಸಮುದ್ರವೇ ಇರಲಿಲ್ಲ. ಮಂಜು ಇಳಿದು ನೀರನ್ನೂ ಆಕಾಶವನ್ನೂ ಒಂದೇ ಬಣ್ಣ ಮಾಡಿಬಿಟ್ಟಿತ್ತು. ಜೆಟ್ಟಿಯ ಹಲಗೆಗಳು ಹತ್ತು ಹೆಜ್ಜೆ ಹೋಗಿ ಬಿಳುಪಿನಲ್ಲಿ ಮುಗಿದುಹೋಗುತ್ತಿದ್ದವು. ಏಳಕ್ಕೆ ಹೊರಡಬೇಕಾಗಿದ್ದ ಬೋಟು ಕಟ್ಟಿದ ಹಗ್ಗದಲ್ಲೇ ತೂಕಡಿಸುತ್ತಿತ್ತು. ಎದುರಿನದು ಕಾಣುವ ತನಕ ಹಗ್ಗ ಬಿಚ್ಚುವುದಿಲ್ಲವೆಂದು ಬೋಟಿನವನು ಹೇಳಿ ಕೂತಿದ್ದ.

ಬೇಕರಿಯ ಕಿಟಕಿಯಿಂದ ನೋಡುತ್ತಿದ್ದ ಬೇಕರಿಯವಳಿಗೆ, ದೇವರು ತನಗಾಗಿಯೇ ಬೋಟನ್ನು ಹಿಡಿದು ನಿಲ್ಲಿಸಿದ್ದಾನೆ ಅನ್ನಿಸಿತು. ಅದು ಕರುಣೆಯೋ ವಿಚಾರಣೆಯೋ ತಿಳಿಯಲಿಲ್ಲ. ಒಲೆಯ ಮುಂದೆ ನಿಂತು ಕೈಮುಗಿದಳು. ಮುಗಿದ ಕೈಗಳ ನಡುವೆ ಹೆಬ್ಬೆರಳಿನ ಗಾತ್ರದ ಸೀಸದ ಗುಂಡೊಂದಿತ್ತು. ಅದಕ್ಕೆ ಕೆಂಪು ದಾರ.

ಗುಂಡು ಅವಳದಲ್ಲ.

ಆ ದ್ವೀಪದಲ್ಲಿ ಐವತ್ಮೂರು ಮನೆ. ಬಲೆ ಮುಳುಗಲೆಂದು ಅಂಚಿಗೆ ಕಟ್ಟುವ ಸೀಸದ ಗುಂಡು ಪ್ರತಿ ಮನೆಗೂ ಒಂದೊಂದು; ಅದು ಆ ಮನೆಯ ಮಾತು. ಊರಿನ ದೊಡ್ಡ ವಿಷಯ ಬಂದಾಗ ಶಾಲೆಯ ಕೋಣೆಯಲ್ಲಿ ಎರಡು ಗಡಿಗೆ ಇಡುತ್ತಾರೆ. ಮನೆಮನೆಯ ಗುರುತಿನ ದಾರವನ್ನು ಬಿಚ್ಚಿಟ್ಟು, ಪರದೆಯ ಹಿಂದೆ ಹೋಗಿ, ಗುಂಡನ್ನು ಬೇಕಾದ ಗಡಿಗೆಗೆ ಹಾಕಿ ಬರಬೇಕು. ದಾರವಿಲ್ಲದ ಗುಂಡುಗಳು ಎಲ್ಲ ಒಂದೇ ಥರ, ಯಾರದು ಯಾವುದೆಂದು ದೇವರಿಗೇ ಗೊತ್ತು. ಎಣಿಕೆ ಮುಗಿದ ಮೇಲೆ ಮನೆಗೊಂದರಂತೆ ತೆಗೆದುಕೊಂಡು ಮತ್ತೆ ದಾರ ಕಟ್ಟುತ್ತಾರೆ. ನೀರಿನ ಮೇಲೆ ಹೋದವರು ತಮ್ಮ ಗುಂಡನ್ನು ನಂಬಿಕೆಯವರ ಕೈಗೆ ಕೊಟ್ಟು ಹೋಗುವುದು ಹಿಂದಿನಿಂದ ಬಂದ ರೂಢಿ. ಬರೆಸಿಕೊಳ್ಳುವುದಿಲ್ಲ, ಸಾಕ್ಷಿ ಕೇಳುವುದಿಲ್ಲ.

ಈ ಸಲದ ವಿಷಯ ಬೋಟು ಎಲ್ಲಿ ಮಲಗಬೇಕೆಂಬುದು. ಇರುವುದೊಂದೇ ಬೋಟು. ಇಷ್ಟು ವರ್ಷ ಅದು ರಾತ್ರಿ ಈ ದಡದಲ್ಲೇ ಇರುತ್ತಿತ್ತು. ಯಾರಿಗೆ ಎದೆನೋವು ಬರಲಿ, ಯಾರಿಗೆ ಹೆರಿಗೆ ನೋವು ಹತ್ತಲಿ, ಹಗ್ಗ ಬಿಚ್ಚಿದರಾಯಿತು. ಆಚೆ ದಡದ ಕಚೇರಿಯವರು ಈಗ ಹೇಳುವುದು, ಬೋಟು ಅಲ್ಲಿ ತಂಗಿದರೆ ಬೆಳಿಗ್ಗೆ ಆರೂವರೆಗೆ ಮೊದಲ ಸವಾರಿ ಇಲ್ಲಿಗೆ ಬರುತ್ತದೆ, ಹಿಟ್ಟು, ತರಕಾರಿ, ನೋಡಲು ಬರುವ ಜನ ಎಲ್ಲ ಬೇಗ ಬರುತ್ತಾರೆ, ಊರು ಬೆಳೆಯುತ್ತದೆ ಎಂದು. ಯಾವುದು ಬೇಕೋ ನೀವೇ ತೀರ್ಮಾನಿಸಿ ಬರೆಯಿರಿ ಎಂದಿದ್ದರು. ತಿಂಗಳುಗಟ್ಟಲೆ ಇದೇ ಮಾತು. ಬಾವಿಕಟ್ಟೆಯಲ್ಲಿ, ಕ್ಷೌರದಂಗಡಿಯಲ್ಲಿ, ಪ್ರಾರ್ಥನೆ ಮುಗಿಸಿ ಬರುವ ದಾರಿಯಲ್ಲಿ.

“ಎಲ್ಲಿ ಮಲಗಿದರೇನು, ಗೊರಕೆ ಹೊಡೆಯೋದು ನಮ್ಮ ಈಗ್ಬಂದೆ ತಾನೇ?” ಎಂದು ಕ್ಷೌರದವನು ಎಲ್ಲರನ್ನೂ ನಗಿಸಿದ್ದ. ಯಾವಾಗ ಕರೆದರೂ “ಈಗ್ಬಂದೆ” ಅನ್ನುವ ಬೋಟಿನವನಿಗೆ ಅದೇ ಹೆಸರು ನಿಂತುಹೋಗಿತ್ತು.

ಬೇಕರಿಯವಳಿಗೆ ಬೋಟು ಆಚೆ ಮಲಗುವುದು ಬೇಕಿತ್ತು. ಈಗ ಹಿಟ್ಟು ಬರುವುದು ಹನ್ನೊಂದಕ್ಕೆ, ಜನ ಇಳಿಯುವುದೂ ಆಗಲೇ. ಅಷ್ಟು ಹೊತ್ತಿಗೆ ಅವಳ ಬನ್ನುಗಳು ಬಿಸಿ ಆರಿ, ಮೈ ಸೆಟೆದುಕೊಂಡು ಕೂತಿರುತ್ತಿದ್ದವು. ಬೆಳಗಿನ ಆರೂವರೆಗೆ ಜೆಟ್ಟಿಯಿಂದ ಇಳಿದ ಜನ ವಾಸನೆ ಹಿಡಿದು ತನ್ನ ಬಾಗಿಲಿಗೆ ಬರುವುದನ್ನು ಅವಳು ಹಿಟ್ಟು ನಾದುವಾಗಲೆಲ್ಲ ಕಾಣುತ್ತಿದ್ದಳು.

ಅವಳ ಓರಗಿತ್ತಿ, ಪಕ್ಕದ ಮನೆಯಲ್ಲೇ ಬಲೆ ಹೆಣೆಯುವವಳು. ಅವಳನ್ನು ಇವಳು ಅಕ್ಕ ಎನ್ನುತ್ತಿದ್ದಳು. ಇಬ್ಬರ ಗಂಡಂದಿರೂ ದೂರದ ಹಡಗಿನಲ್ಲಿ. ಅಕ್ಕನ ಸೊಸೆಗೆ ಚೊಚ್ಚಲು, ಎಂಟು ತುಂಬಿತ್ತು. ಗಡಿಗೆ ಇಡುವ ದಿನವೇ ಸೊಸೆಯನ್ನು ಆಚೆ ದಡದ ಆಸ್ಪತ್ರೆಗೆ ತೋರಿಸಲು ಹೊರಟ ಅಕ್ಕ, ಬೇಕರಿಯ ಕಟ್ಟೆಯ ಮೇಲೆ ಗುಂಡನ್ನಿಟ್ಟಳು.

“ನಮ್ಮದನ್ನ ಈ ದಡದ ಗಡಿಗೆಗೆ ಹಾಕಿಬಿಡೇ. ನಿನಗೇನು ಬಿಡಿಸಿ ಹೇಳಬೇಕಾ?”

ನಿನ್ನದು ಯಾವ ಕಡೆ ಎಂದು ಅಕ್ಕ ಕೇಳಲೇ ಇಲ್ಲ. ಕೇಳುವ ಅಗತ್ಯ ಅವಳಿಗೆ ಕಂಡಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ರಾತ್ರಿ ಬೇಕರಿಯವಳ ಮಗು ಹೊಟ್ಟೆಯಲ್ಲಿ ಅಡ್ಡ ನಿಂತಾಗ, ಇವಳನ್ನು ಬಲೆಯಲ್ಲಿ ಮಲಗಿಸಿ ನಾಲ್ಕು ಜನರಿಂದ ಹೊರಿಸಿ, ಈ ದಡದಲ್ಲಿದ್ದ ಬೋಟಿಗೆ ಹಾಕಿದವಳು ಇದೇ ಅಕ್ಕ. ಆ ಮಗು ಈಗ ಏಳನೆಯ ತರಗತಿ.

ಪರದೆಯ ಹಿಂದೆ ಬೇಕರಿಯವಳು ತನ್ನ ಗುಂಡನ್ನು ಆ ದಡದ ಗಡಿಗೆಗೆ ಹಾಕಿದಳು. ಅದರಲ್ಲಿ ತಪ್ಪಿರಲಿಲ್ಲ. ಅದು ಅವಳ ಮನೆಯ ಮಾತು. ಇನ್ನೊಂದನ್ನು ಹಿಡಿದ ಕೈ ಪಕ್ಕದ ಗಡಿಗೆಗೆ ಹೋಗಬೇಕಿತ್ತು. ಒಂದು ಉಸಿರಿನಷ್ಟು ಹೊತ್ತು ತಡೆಯಿತು. ಆಮೇಲೆ ಟಕ್ಕೆಂಬ ಸದ್ದು, ಮೊದಲ ಗುಂಡಿನ ಮೇಲೇ.

ಆ ದಡಕ್ಕೆ ಇಪ್ಪತ್ತೇಳು, ಈ ದಡಕ್ಕೆ ಇಪ್ಪತ್ತಾರು ಎಂದು ಗುಂಡು ಎಣಿಸಿದ ಶಾಲೆಯ ಮೇಷ್ಟರು ಓದಿದರು.

ಕೈ ತಪ್ಪಿತು, ಕತ್ತಲಿತ್ತು, ಗಾಬರಿಯಾಯಿತು ಎಂದು ಅವಳು ತನಗೆ ತಾನೇ ಬಗೆಬಗೆಯಾಗಿ ಹೇಳಿಕೊಂಡು ನೋಡಿದಳು. ಯಾವುದೂ ಗಂಟಲಿಂದ ಕೆಳಗಿಳಿಯಲಿಲ್ಲ. ಸಂಜೆ ಮರಳಿದ ಅಕ್ಕ ಬಾಗಿಲಲ್ಲೇ ಕುಸಿದು ಕೂತಳು.

“ಒಂದೇ ಒಂದರಲ್ಲಿ ಹೋಯ್ತಾ? ಆ ಕ್ಷೌರದವನದೇ ಕೆಲಸ ಕಣೇ. ನನ್ನೆದುರು ಈ ದಡ ಅಂದ, ಒಳಗೆ ಹೋಗಿ ತಿರುಗಿಸಿದ. ನಗಿಸೋರ ಬುದ್ಧಿಯೇ ಅಷ್ಟು.”

ಮರುದಿನದಿಂದ ಅಕ್ಕ ಕ್ಷೌರದವನ ಮುಖ ನೋಡಲಿಲ್ಲ. ಅವನಿಗೆ ಕಾರಣವೂ ತಿಳಿಯಲಿಲ್ಲ. ಗುಂಡೆಲ್ಲಿ ಎಂದು ಕೇಳಿದಾಗ ಬೇಕರಿಯವಳು, “ಎಲ್ಲೋ ಜೋಪಾನವಾಗಿಟ್ಟೆ ಅಕ್ಕ, ಹುಡುಕಿ ಕೊಡ್ತೀನಿ” ಎಂದಳು. ಒಂಬತ್ತು ದಿನ ಹುಡುಕುವ ನಾಟಕವಾಯಿತು. ಅದು ಹಿಟ್ಟಿನ ಡಬ್ಬದಲ್ಲಿತ್ತು. ದಿನವೂ ಅಳತೆ ತೆಗೆಯುವಾಗ ಬೆರಳಿಗೆ ತಾಗುತ್ತಿತ್ತು.

ಇನ್ನು ರಾತ್ರಿ ಬೋಟು ಇಲ್ಲಿರುವುದಿಲ್ಲವೆಂದು ಈಗ ಅಕ್ಕ ಸೊಸೆಯನ್ನು ಕರೆದುಕೊಂಡು ಆಚೆ ದಡಕ್ಕೆ ಹೊರಟಿದ್ದಾಳೆ, ಹೆರಿಗೆಯ ತನಕ ಯಾರದೋ ಮನೆಯ ಹಿಂದಿನ ಕೋಣೆಯಲ್ಲಿರಲು. ಮೇಷ್ಟರು ತೀರ್ಮಾನ ಬರೆದ ಕಾಗದವೂ ಇದೇ ಬೋಟಿನಲ್ಲಿ ಹೋಗಬೇಕು. ಅದು ಕಚೇರಿ ಮುಟ್ಟಿತೆಂದರೆ ಮುಗಿಯಿತು.

ಬೇಕರಿಯವಳು ಗುಂಡನ್ನು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಬನ್ನು ಕಟ್ಟಿಕೊಂಡು ಜೆಟ್ಟಿಗೆ ನಡೆದಳು.

ಟ್ರಂಕಿನ ಮೇಲೆ ಸೊಸೆ ಕೂತಿದ್ದಳು, ಪಕ್ಕದಲ್ಲಿ ಅಕ್ಕ. ಮೇಷ್ಟರು ಟಪಾಲು ಚೀಲದ ಬಾಯಿ ಕಟ್ಟುತ್ತಿದ್ದರು.

“ಬಂದೆಯಾ? ಬನ್ನಿನ ವಾಸನೆ ನಿನಗಿಂತ ಮೊದಲೇ ಬಂತು” ಎಂದಳು ಅಕ್ಕ. “ನೋಡಿದೆಯಾ, ನಾವು ಬಿಟ್ಟು ಹೋಗೋದು ಮಂಜಿಗೂ ಇಷ್ಟ ಇಲ್ಲ.”

ಬೇಕರಿಯವಳು ಸೊಸೆಯ ಮಡಿಲಿಗೆ ಪೊಟ್ಟಣವಿಟ್ಟು ಮೇಷ್ಟರ ಕಡೆ ತಿರುಗಿದಳು.

“ಮೇಷ್ಟ್ರೇ, ಆ ಕಾಗದ ತೆಗೀರಿ. ಲೆಕ್ಕ ಸರಿಯಿಲ್ಲ.”

“ಸರಿಯಿಲ್ಲ ಅಂದ್ರೆ? ಮೂರು ಸಲ ಎಣಿಸಿದ್ದೀನಮ್ಮ.”

“ನೀವು ಎಣಿಸಿದ್ದು ಸರಿ. ನಾನು ಹಾಕಿದ್ದು ತಪ್ಪು. ಅಕ್ಕನ ಗುಂಡನ್ನೂ ಆ ದಡಕ್ಕೇ ಹಾಕಿದೆ.” ಅಕ್ಕನ ಕಡೆ ತಿರುಗಿ, “ಕೈ ತಪ್ಪಿ ಅಲ್ಲ” ಎಂದಳು.

ಈಗ್ಬಂದೆ ಬೀಡಿ ಹಚ್ಚಲು ಗೀರಿದ ಕಡ್ಡಿಯನ್ನು ಹಾಗೇ ಹಿಡಿದುಕೊಂಡು ಬೆರಳು ಸುಟ್ಟುಕೊಂಡ.

ಅಕ್ಕ ಎದ್ದು ನಿಂತಳು. ಬೈಯುತ್ತಾಳೆಂದು ಬೇಕರಿಯವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

“ನನ್ನನ್ನ ಕೇಳಬಹುದಿತ್ತಲ್ಲೇ.”

“ಕೇಳಿದ್ರೆ ಕೊಡ್ತಿದ್ದೆಯಾ ಅಕ್ಕ?”

“ಇಲ್ಲ. ಜಗಳ ಆಡ್ತಿದ್ದೆ. ಬಾಯಿಗೆ ಬಂದ ಹಾಗೆ ಆಡ್ತಿದ್ದೆ.” ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ಜಗಳ ಆಡೋಕೂ ಬಿಡಲಿಲ್ಲವಲ್ಲ ನೀನು. ಪಾಪ, ಆ ಕ್ಷೌರದವನನ್ನ ಒಂಬತ್ತು ದಿನ ಶಪಿಸಿದೆ. ಅದನ್ನ ಯಾರಲ್ಲಿ ವಾಪಸ್ ತಗೊಳ್ಳಲಿ?”

ಬೇಕರಿಯವಳು ತಲೆ ತಗ್ಗಿಸಿ ನಿಂತಳು. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದರೂ, ಅದನ್ನು ಕೇಳುವುದೂ ಇನ್ನೊಂದು ಕಸಿದುಕೊಳ್ಳುವಿಕೆಯೆನ್ನಿಸಿ ನುಂಗಿಕೊಂಡಳು.

ಮೇಷ್ಟರು ಚೀಲದ ಗಂಟು ಬಿಚ್ಚಿ, ಕಾಗದ ಹುಡುಕಿ ತೆಗೆದು ಒಳಜೇಬಿಗೆ ಇಟ್ಟುಕೊಂಡರು. “ಭಾನುವಾರ ಮತ್ತೆ ಗಡಿಗೆ ಇಡೋಣ. ಏನಾಯ್ತು ಅಂತ ಸಭೆಗೆ ನೀನೇ ಹೇಳಬೇಕಮ್ಮ.”

“ಹೇಳ್ತೀನಿ.”

“ನಿನ್ನ ಬೇಕರಿಗೆ ಜನ ಬರದೆ ಹೋಗಬಹುದು.”

“ಗೊತ್ತು ಮೇಷ್ಟ್ರೇ.”

ಸೊಸೆ ಅತ್ತೆಯ ಸೆರಗು ಜಗ್ಗಿದಳು. “ಅತ್ತೆ, ಹಾಗಾದ್ರೆ ನಾವು ಹೋಗೋದು?”

“ಭಾನುವಾರದ ತನಕ ಬೋಟು ಇಲ್ಲೇ ಮಲಗುತ್ತಲ್ಲ. ಮೊದಲು ನನ್ನ ಗುಂಡು ನಾನೇ ಹಾಕ್ತೀನಿ. ಆಮೇಲೆ ನೋಡೋಣ.”

ಸೊಸೆ ಪೊಟ್ಟಣ ಬಿಚ್ಚಿ ಒಂದು ಬನ್ನು ಮುರಿದಳು. ಹಬೆ ಎದ್ದು ಮಂಜಿಗೆ ಸೇರಿತು. “ಚಿಕ್ಕತ್ತೆ, ಇನ್ನೂ ಬಿಸಿಯಿದೆ” ಎಂದು ಯಾರ ಮುಖವನ್ನೂ ನೋಡದೆ ಹೇಳಿದಳು.

ಸೊಸೆ ಏಳುತ್ತಲೇ ಅಕ್ಕ ಟ್ರಂಕಿನ ಹಿಡಿ ಹಿಡಿದಳು. ಇನ್ನೊಂದು ಹಿಡಿಗೆ ಬೇಕರಿಯವಳು ಕೈ ಚಾಚಿದಾಗ ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಇಬ್ಬರೂ ಟ್ರಂಕು ಹೊತ್ತು ಏರು ಹತ್ತಿದರು. ಹಿಂದೆ ಸೊಸೆ ನಿಧಾನಕ್ಕೆ ಬಂದಳು. ಮನೆಯ ಮೆಟ್ಟಿಲ ಮೇಲೆ ಟ್ರಂಕು ಇಳಿಸಿ ಅಕ್ಕ ಬೀಗ ತೆಗೆದಳು. ಒಳಗೆ ಹೋಗದೆ, ತಿರುಗದೆ, ಬಲಗೈಯನ್ನು ಹಿಂದಕ್ಕೆ ಚಾಚಿದಳು.

ಬೇಕರಿಯವಳು ಗುಂಡಿಗೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಕೆಂಪು ದಾರದ ಗಂಟು ಬಿಗಿಯಿದೆಯೇ ಎಂದು ನೋಡಿದಳು. ನಂತರ ಅದನ್ನು ಆ ಅಂಗೈಯಲ್ಲಿ ಸದ್ದಾಗದಂತೆ ಇಟ್ಟಳು.