ಏಳನೆಯ ಬೋಲ್ಟು

ಊರಿನಲ್ಲಿ ಮೆಕ್ಯಾನಿಕ್ಕುಗಳು ಆರೇಳು ಜನ ಇದ್ದರೂ ಎಂಜಿನ್ನು ಬಿಚ್ಚದೆ ಬರೀ ಸದ್ದು ಕೇಳಿ ರೋಗ ಹೇಳುವವನು ಒಬ್ಬನೇ. ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಕಿವಿಗಳೇನೂ ದೊಡ್ಡವಲ್ಲ, ಅವುಗಳ ಬಗ್ಗೆ ಅವನಿಗಿದ್ದ ಅಭಿಮಾನ ದೊಡ್ಡದು. ಎರಡು ಬೀದಿ ಆಚೆ ಹೋಗುವ ಲಾರಿಯ ಕೆಮ್ಮು ಹಿಡಿಯುವ ಆ ಕಿವಿಗಳಿಗೆ ಅಡುಗೆಮನೆಯಿಂದ ಕರೆದದ್ದು ಮದುವೆಯಾದಾಗಿನಿಂದ ಒಮ್ಮೆಯೂ ಕೇಳಿಸಿಲ್ಲ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ಅವಳ ತಮ್ಮ ಲೋಡು ತುಂಬಿದ್ದ ತನ್ನ ಪಿಕಪ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಅವನದು ಕಾರ್ಖಾನೆಯಿಂದ ಮಾರುಕಟ್ಟೆಗೆ ಐಸ್ ಗಡ್ಡೆ ಸಾಗಿಸುವ ಕೆಲಸ. ಗಾಡಿ ನಿಂತಿತ್ತು, ಅವನ ಕಾಲು ನೆಲದ ಮೇಲಿತ್ತು, ಎಂಜಿನ್ನು ಮಾತ್ರ ಯಾರೋ ಆಕ್ಸಿಲರೇಟರ್ ಒತ್ತಿ ಒತ್ತಿ ಬಿಡುತ್ತಿರುವಂತೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

"ಭಾವಾ, ಇದಕ್ಕೇನೋ ಮೆಟ್ಕೊಂಡಿದೆ. ಸಿಗ್ನಲ್ಲಲ್ಲಿ ನಿಂತ್ರೆ ಪಕ್ಕದೋರು ನಾನು ರೇಸಿಗೆ ಕರೀತಿದೀನಿ ಅಂದ್ಕೊಳ್ತಾರೆ."

"ನೀನು ಕುಡಿಯೋದು ಬಿಟ್ಟೆ, ಅದು ಶುರು ಹಚ್ಕೊಂಡಿದೆ" ಎಂದ ಮೇಸ್ತ್ರಿ.

ಭಾವಮೈದ ನಕ್ಕ. ಅವನು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಅವನ ಕುಡಿತದ ಬಗ್ಗೆ ಮಾತಾಡುವುದನ್ನು ಊರು ಇನ್ನೂ ಬಿಟ್ಟಿರಲಿಲ್ಲ.

ಮೇಸ್ತ್ರಿ ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿದ. "ಗಾಳಿ. ಎಲ್ಲೋ ಕಳ್ಳಗಾಳಿ ಒಳಗೆ ಹೋಗ್ತಿದೆ."

ಕಳ್ಳಗಾಳಿ ಹಿಡಿಯಲು ಅವನದೇ ಒಂದು ಉಪಾಯವಿತ್ತು. ಎಂಜಿನ್ನಿನಿಂದ ಹೊರಡುವ ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಮುಚ್ಚಿ, ಯಾವುದನ್ನು ಮುಚ್ಚಿದಾಗ ಎಂಜಿನ್ನು ಶಾಂತವಾಗುತ್ತದೆ ಎಂದು ನೋಡುವುದು. ಉಳಿದವರು ಕೊಳವೆಯ ಬಾಯಿಗೆ ಬೋಲ್ಟು ಸಿಕ್ಕಿಸುತ್ತಾರೆ, ಅದರ ತಲೆ ಹೊರಗೆ ಕಾಣುತ್ತದೆ. ಇವನು ಬೋಲ್ಟಿನ ತಲೆ ಕತ್ತರಿಸಿ, ಅಂಚು ಉಜ್ಜಿ, ಕೆಂಪು ಬಣ್ಣ ಬಳಿದು, ಕೊಳವೆಯೊಳಗೆ ಬೆರಳುದ್ದ ತಳ್ಳುತ್ತಿದ್ದ. ಆಮೇಲೆ ಕೊಳವೆಯನ್ನು ಇದ್ದಲ್ಲಿಗೇ ಜೋಡಿಸಿ ಕ್ಲಿಪ್ಪು ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗದು. ಅಂಥವು ಏಳು. ಹೆಂಡತಿ ಕೊಟ್ಟ ಹಳೆಯ ಪೌಡರ್ ಡಬ್ಬಿಯ ಮುಚ್ಚಳದಲ್ಲಿ ಅವು ಇರುತ್ತಿದ್ದವು. ಬಾನೆಟ್ ಮುಚ್ಚುವ ಮುಂಚೆ ಏಳನ್ನೂ ಎಣಿಸಬೇಕು. ನಿಯಮ ಅವನದೇ. ಇಪ್ಪತ್ತು ವರ್ಷ ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದ.

ಹಾಕಿದ ಬೋಲ್ಟುಗಳನ್ನು ಒಳಗೇ ಬಿಟ್ಟು ಆರು ಕೊಳವೆ ಮುಚ್ಚಿದರೂ ಎಂಜಿನ್ನು ಜಗ್ಗಲಿಲ್ಲ. ಏಳನೆಯದು ಬ್ರೇಕಿನ ದಪ್ಪ ಕೊಳವೆ. ಎಂಜಿನ್ನಿನ ಹೀರುವ ಬಲವನ್ನು ಬ್ರೇಕಿಗೆ ಒಯ್ದು ಪೆಡಲನ್ನು ಹಗುರ ಮಾಡುವುದು ಅದು. ಅದನ್ನೂ ಮುಚ್ಚಿದಾಗ ಸದ್ದು ತುಸು ತಗ್ಗಿದಂತಾಯಿತು, ನಿಲ್ಲಲಿಲ್ಲ. ಹಾಗಾದರೆ ಕಳ್ಳ ಬೇರೆ ಕಡೆ ಇದ್ದಾನೆ ಎಂದುಕೊಂಡು ಮೇಸ್ತ್ರಿ ಬೋಲ್ಟುಗಳನ್ನು ಒಂದೊಂದೇ ತೆಗೆಯತೊಡಗಿದ. ಆರು ತೆಗೆಯುವಷ್ಟರಲ್ಲಿ ಐಡ್ಲಿಂಗ್, ಅಂದರೆ ನಿಂತ ಗಾಡಿಯ ಎಂಜಿನ್ನಿನ ಓಟ, ನೋಡಿಕೊಳ್ಳುವ ಪುಟ್ಟ ವಾಲ್ವಿನ ನೆನಪಾಯಿತು. ಬಿಚ್ಚಿದರೆ ಒಳಗೆ ಕಾಡಿಗೆಯಂತೆ ಮಸಿ. ತೊಳೆದು, ಒರೆಸಿ, ಜೋಡಿಸಿ, ಕೀಲಿ ತಿರುಗಿಸಿದ.

ಎಂಜಿನ್ನು ಮಲಗಿದ ಮಗುವಿನಂತೆ ಉಸಿರಾಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ಎಣಿಕೆ ನೆನಪಾಗುತ್ತಿತ್ತೇನೋ. ಆದರೆ ಚಹಾ ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನ ಹತ್ತಿರ ಬಂದಿದ್ದರು. ಮೇಸ್ತ್ರಿ ಒಂದು ಲೋಟ ನೀರು ತರಿಸಿ, ತುಂಬಿ ತುಳುಕುವ ಹಾಗೆಯೇ ಎಂಜಿನ್ನಿನ ಮೇಲಿಟ್ಟ. ನೀರು ಅಲುಗಲಿಲ್ಲ.

"ನೋಡ್ರಪ್ಪ, ಇದು ಐಡ್ಲಿಂಗ್ ಅಂದ್ರೆ."

"ಮೇಸ್ತ್ರಿ, ನಮ್ಮನೇಲಿ ಒಬ್ಬಳಿದಾಳೆ, ಅವಳ ಸದ್ದೂ ಇಷ್ಟಕ್ಕೆ ಇಳಿಸಿಕೊಡಿ" ಎಂದ ಒಬ್ಬ. ಎಲ್ಲರೂ ನಕ್ಕರು. ಮೇಸ್ತ್ರಿ ಲೋಟ ಎತ್ತಿ ನೀರು ಕುಡಿದು ಬಾನೆಟ್ ಮುಚ್ಚಿದ.

ಬ್ರೇಕಿನ ಡಬ್ಬಿಯಲ್ಲಿ ಮೊದಲೇ ತುಂಬಿಕೊಂಡಿದ್ದ ಬಲ ಎರಡು ಸಲ ತುಳಿಯುವುದಕ್ಕೆ ಸಾಕಾಗುತ್ತದೆ. ಶೆಡ್ಡಿನ ಗೇಟಿನಲ್ಲಿ ಒಂದು, ತಿರುವಿನಲ್ಲಿ ಇನ್ನೊಂದು. ಭಾವಮೈದನಿಗೆ ಮೂರನೆಯದು ಬೇಕಾದದ್ದು ಮಾರುಕಟ್ಟೆಯ ಇಳಿಜಾರಿನ ಕೊನೆಯಲ್ಲಿ. ಹಿಂದೆ ಒಂದು ಟನ್ ಐಸ್ ಇತ್ತು.

ಅಲ್ಲಿ ಗೋಡೆಗೆ ಸ್ಟೂಲು ಆನಿಸಿಕೊಂಡು ಬೀಗದವನು ಕೂರುತ್ತಿದ್ದ. ಊರಿನ ಅರ್ಧ ಮನೆಗಳ ಕೀಲಿ ಅವನ ಅರದ ಕೆಳಗೆ ಹುಟ್ಟಿದ್ದು. ಅವನು ಆಸ್ಪತ್ರೆಯವರೆಗೂ ಬದುಕಲಿಲ್ಲ.

ಸಂಜೆಯೊಳಗೆ ಊರು ತೀರ್ಪು ಕೊಟ್ಟಾಗಿತ್ತು. "ಮತ್ತೆ ಶುರು ಮಾಡಿದಾನೆ ಕಣ್ರೀ. ಎಲ್ಲಿ ಬಿಡ್ತಾರೆ ಇವರೆಲ್ಲ." ಭಾವಮೈದ ಠಾಣೆಯಲ್ಲಿ ಒಂದೇ ಮಾತು ಹೇಳುತ್ತಿದ್ದನಂತೆ: ಪೆಡಲು ಕಲ್ಲಾಗಿತ್ತು, ಎರಡೂ ಕಾಲಲ್ಲಿ ತುಳಿದೆ.

ಬುಧವಾರ ಬೆಳಿಗ್ಗೆ ಮೇಸ್ತ್ರಿ ಶೆಡ್ಡಿನ ಬೀಗ ತೆರೆದ. ಆ ಕೀಲಿಯೂ ಬೀಗದವನು ಮಾಡಿಕೊಟ್ಟದ್ದೇ. ಒಳಗೆ ಹೋಗಿ, ಯಾಕೆಂದು ತನಗೇ ಗೊತ್ತಿಲ್ಲದ ಹಾಗೆ, ಮುಚ್ಚಳದ ಮುಂದೆ ನಿಂತ. ಎಣಿಸಿದ. ಬೆಂಚಿನ ಕೆಳಗೆ ಹುಡುಕಿದ, ಎಣ್ಣೆಯ ತಟ್ಟೆಯೊಳಗೆ ಕೈ ಆಡಿಸಿದ, ಅಂಗಿಯ ಜೇಬು ಒಳಹೊರಗು ಮಾಡಿದ. ಮತ್ತೆ ಎಣಿಸಿದ. ಆರು.

"ಏನು ಎಣಿಸ್ತಿದೀರಿ?" ತಮ್ಮನಿಗೆಂದು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು.

"ಏನಿಲ್ಲ."

"ಹನ್ನೊಂದಕ್ಕೆ ಗಾಡಿ ಪರೀಕ್ಷೆ ಮಾಡೋ ಸಾಹೇಬರು ಬರ್ತಾರಂತೆ. ಜೊತೆಗೆ ನಿಮ್ಮನ್ನೂ ಕರೆದಿದಾರೆ. ನೀವೊಬ್ಬರು ಸರಿಯಾಗಿ ಕೇಳಿ ಹೇಳಿದ್ರೆ ಅವನು ಬದುಕ್ಕೊಳ್ತಾನೆ ಕಣ್ರೀ. ಇಲ್ಲದಿದ್ರೆ ವರ್ಷಗಟ್ಟಲೆ ಒಳಗೇ."

ಅವನು ತಲೆಯಾಡಿಸಿದ. ಇಕ್ಕಳ ಜೇಬಿಗೆ ಹಾಕಿಕೊಂಡ.

ಪಿಕಪ್ ಠಾಣೆಯ ಹಿಂದಿನ ಅಂಗಳದಲ್ಲಿತ್ತು. ಮುಂದಿನ ಬಂಪರು ನೆಗ್ಗಿತ್ತು, ಅಷ್ಟೇ. ಲಾಕಪ್ಪಿನ ಎತ್ತರದ ಕಿಟಕಿ ಅದೇ ಅಂಗಳಕ್ಕೆ ತೆರೆಯುತ್ತಿತ್ತು. ಒಳಗಿರುವವನ ಮುಖ ಕಾಣುತ್ತಿರಲಿಲ್ಲ, ಸರಳು ಹಿಡಿದ ಬೆರಳುಗಳು ಮಾತ್ರ.

ಪರೀಕ್ಷೆಯ ಸಾಹೇಬರು ತೆಳ್ಳಗಿನ ಮನುಷ್ಯ. ಗಾಡಿಗಿಂತ ತಮ್ಮ ಶೂಗಳ ಬಗ್ಗೆ ಹೆಚ್ಚು ಕಾಳಜಿಯಿದ್ದವರು. ಒಳಗೆ ಕೂತು ಎಂಜಿನ್ನು ಶುರುಮಾಡಿದರು. ಅದು ನಿನ್ನೆಯ ಹಾಗೆಯೇ ಮಗುವಿನಂತೆ ಉಸಿರಾಡಿತು.

"ಎಂಥ ಐಡ್ಲಿಂಗ್ ರೀ ಇದು!" ಎಂದರು. ಪೆಡಲು ತುಳಿದರು. ಇನ್ನೊಮ್ಮೆ ತುಳಿದರು. "ಗಟ್ಟಿ ಇದೆಯಲ್ಲ. ಗುದ್ದಿದಾಗ ಏನಾದ್ರೂ ಕಿತ್ಕೊಂಡಿರಬೇಕು. ಸ್ವಲ್ಪ ನೋಡ್ರಿ ಮೇಸ್ತ್ರಿ." ಎಂಜಿನ್ನು ನಿಲ್ಲಿಸಿ, ಇಳಿದು, ಟೈರುಗಳ ಕಡೆ ನಡೆದು ಏನೋ ಬರೆದುಕೊಳ್ಳತೊಡಗಿದರು.

ಬಾನೆಟ್ಟಿನ ಮರೆಯಲ್ಲಿ ಮೇಸ್ತ್ರಿ ಒಬ್ಬನೇ. ಕ್ಲಿಪ್ಪು ಸಡಿಲಿಸಿ ದಪ್ಪ ಕೊಳವೆಯನ್ನು ಎಳೆದ. ಇಕ್ಕಳದ ಮೂತಿಗೆ ಕೆಂಪು ಸಿಕ್ಕಿತು. ಅಂಗೈಗೆ ಬಂತು. ಕೊಳವೆಯನ್ನು ಬಗ್ಗಿಸಿ ನೋಡಿದ. ಅಡಿಭಾಗದಲ್ಲಿ ಉದ್ದಕ್ಕೆ ಸೀಳು; ಇಷ್ಟು ಹೊತ್ತು ಅದರ ಗಾಳಿಯನ್ನು ಬೋಲ್ಟು ತಡೆದಿತ್ತು. ಕಳ್ಳ ಅಲ್ಲಿಯೂ ಇದ್ದ, ವಾಲ್ವಿನಲ್ಲಿಯೂ ಇದ್ದ. ಇಬ್ಬರು ಇರಬಹುದೆಂದು ಆ ಹೆಸರುವಾಸಿ ಕಿವಿಗಳಿಗೆ ಹೊಳೆದಿರಲಿಲ್ಲ.

ಮುಷ್ಟಿ ಮುಚ್ಚಿ, ಇನ್ನೊಂದು ಕೈಯಿಂದ ಕೊಳವೆಯನ್ನು ಮತ್ತೆ ಜೋಡಿಸಿದ.

"ಕೊಳವೆ ಸೀಳಿದೆ ಸಾರ್." ದನಿ ಚೆನ್ನಾಗಿಯೇ ಬಂತು. ಅವನಿಗೇ ಆಶ್ಚರ್ಯವಾಯಿತು.

ಸಾಹೇಬರು ಬಗ್ಗಿ ನೋಡಿದರು. "ಹಳೇ ಸೀಳು. ಅಂದ್ರೆ ಬ್ರೇಕ್ ಗಟ್ಟಿಯಾಗಿರೋದು ಗೊತ್ತಿದ್ದೂ ಲೋಡು ಹಾಕ್ಕೊಂಡು ಓಡಿಸಿದಾನೆ. ನಿರ್ಲಕ್ಷ್ಯ. ಕುಡಿದಿದ್ರೆ ಒಂದು ಕೇಸು, ಕುಡೀದೇ ಇದ್ರೂ ಒಂದು ಕೇಸು. ಎಲ್ಲಿ, ಒಂದ್ಸಲ ಶುರುಮಾಡಿ. ಬರೆದು ಮುಗಿಸಿಬಿಡ್ತೀನಿ."

ಹೆಂಡತಿ ಡಬ್ಬಿ ಹಿಡಿದು ಗೋಡೆಯ ನೆರಳಲ್ಲಿ ನಿಂತಿದ್ದಳು. ಅವಳು ಗಾಡಿ ನೋಡುತ್ತಿರಲಿಲ್ಲ. ಗಂಡನ ಮುಚ್ಚಿದ ಕೈ ನೋಡುತ್ತಿದ್ದಳು.

ಅವನು ಎಡಗೈಯಲ್ಲಿ ಕೀಲಿ ತಿರುಗಿಸಿದ. ಎಂಜಿನ್ನು ಒಂದು ಕ್ಷಣ ತಡೆದು ಏರಿತು. ಇಳಿಯಿತು. ಮತ್ತೆ ಏರಿತು. ಅಂಗಳದ ತಗಡಿನ ಮಾಡು ನಡುಗಿತು.

ಕಿಟಕಿಯಿಂದ ಕೂಗು ಬಂತು: "ಭಾವಾ! ಅದು ಮತ್ತೆ ಶುರುವಾಯ್ತಲ್ಲ! ನಿನ್ನೆ ಅಷ್ಟು ಚೆನ್ನಾಗಿ ಮಾಡಿದ್ದಿರಿ, ಗುದ್ದಿದ್ದಕ್ಕೆ ಎಲ್ಲ ಹಾಳು ಮಾಡಿಬಿಟ್ಟೆನಾ?"

ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಭಾವನ ಕೆಲಸ ತನ್ನಿಂದ ಕೆಟ್ಟಿತೆಂಬ ಸಂಕಟವಿತ್ತು. ಅದನ್ನು ಕೇಳಿಸದ ಹಾಗೆ ಮಾಡುವ ಬೋಲ್ಟು ಮೇಸ್ತ್ರಿಯ ಹತ್ತಿರ ಇರಲಿಲ್ಲ.

ಅವನು ಇಳಿದು ಬಂದು, ಸಾಹೇಬರ ಕಾಗದದ ಮೇಲೆ, ಅವರು ಸಹಿ ಹಾಕಬೇಕಿದ್ದ ಜಾಗದಲ್ಲಿ, ಅಂಗೈ ಬಿಚ್ಚಿದ.

"ಏನ್ರೀ ಇದು?"

"ನಂದು ಸಾರ್. ಬ್ರೇಕಿನ ಕೊಳವೇಲಿತ್ತು. ನಿನ್ನೆ ನಾನೇ ಹಾಕಿದ್ದು. ತೆಗೀಲಿಲ್ಲ."

"ಇಷ್ಟು ಹೊತ್ತು ಎಲ್ಲಿತ್ತು?"

"ಕೈಯಲ್ಲಿ."

ಸಾಹೇಬರು ಬೋಲ್ಟನ್ನು ಪೆನ್ನಿನ ತುದಿಯಿಂದ ಒಮ್ಮೆ ಉರುಳಿಸಿದರು. ಬಣ್ಣ ಚೂರೂ ಹೋಗಿರಲಿಲ್ಲ. ಒಳ್ಳೆಯ ಕೆಲಸ. ಅವರು ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದರು.

"ಎಂಜಿನ್ ಆಫ್ ಮಾಡ್ರಿ ಯಾರಾದ್ರೂ!" ಎಂದು ಪೇದೆ ಕಿರುಚಿದ. ಯಾರೂ ಮಾಡಲಿಲ್ಲ. ಕಿಟಕಿಯ ಸರಳುಗಳ ಮೇಲೆ ಬೆರಳುಗಳು ಹಾಗೆಯೇ ಇದ್ದವು. ಸದ್ದಿನಲ್ಲಿ ಒಳಗಿದ್ದವನಿಗೆ ಇನ್ನೂ ಏನೂ ಕೇಳಿಸಿರಲಿಲ್ಲ.

ಹೆಂಡತಿ ಹತ್ತಿರ ಬಂದಳು. ಬೈಯುತ್ತಾಳೆಂದು ಮೇಸ್ತ್ರಿ ಕಾದ. ಅವಳು ಏನೋ ಹೇಳಿದಳು, ತುಟಿ ಅಲುಗಿದ್ದು ಕಂಡಿತು, ಎಂಜಿನ್ನಿನ ಏರಿಳಿತದಲ್ಲಿ ಮಾತು ಸಿಗಲಿಲ್ಲ. "ಏನಂದೆ?" ಎಂದು ಕಿವಿಗೆ ಕೈ ಅಡ್ಡ ಹಿಡಿದ. ಅವಳು ಮತ್ತೆ ಹೇಳಲಿಲ್ಲ.

ಮರುದಿನವೂ ಅವಳು ಅದೇ ಡಬ್ಬಿ ಹಿಡಿದು ಅದೇ ಠಾಣೆಗೆ ಬಂದಳು. ಪೇದೆ ಮುಚ್ಚಳ ತೆರೆದು ನೋಡಿ, ಅಭ್ಯಾಸಬಲದಿಂದ, "ತಮ್ಮನಿಗಾ?" ಎಂದ. "ಅವನು ಮನೆಗೆ ಹೋದ. ಇದು ನಮ್ಮನೆಯವರಿಗೆ" ಎಂದಳು. ಯಾರ ಮನೆಗೆ ಎಂದು ಹೇಳಲಿಲ್ಲ; ಅಕ್ಕನ ಮನೆಗಂತೂ ಅವನು ಬಂದಿರಲಿಲ್ಲ.